ಒಂದು ಮನೆಯ ತಪ್ಪಿಗೆ ಓಣಿಗೆಲ್ಲ ಬೀಗ

ಪುಸ್ತಕ ಸುಡುವವರನ್ನು ನಾವು ಸುಲಭವಾಗಿ ಗುರುತಿಸುತ್ತೇವೆ. ಅವರ ಕೈಯಲ್ಲಿ ಸೀಮೆಎಣ್ಣೆಯ ಡಬ್ಬ ಇರುತ್ತದೆ, ಬಾಯಲ್ಲಿ ಘೋಷಣೆ ಇರುತ್ತದೆ, ಬೆನ್ನ ಹಿಂದೆ ಒಂದು ಗುಂಪಿರುತ್ತದೆ. ಅವರ ವಿರುದ್ಧ ಹೇಳಿಕೆ ಕೊಡುತ್ತೇವೆ, ಸಹಿ ಸಂಗ್ರಹಿಸುತ್ತೇವೆ, ಫಲಕ ಹಿಡಿದು ನಿಲ್ಲುತ್ತೇವೆ. ಆದರೆ ಗದ್ದಲವಿಲ್ಲದೆ, ಹೊಗೆಯಿಲ್ಲದೆ ದಿನನಿತ್ಯ ನಡೆಯುವ ಇನ್ನೊಂದು ಬಗೆಯ ನಿಷೇಧವಿದೆ. ಅದು ನಡೆಯುವುದು ಹವಾನಿಯಂತ್ರಿತ ಕಚೇರಿಗಳಲ್ಲಿ, ಕಾಲೇಜಿನ ಕಂಪ್ಯೂಟರ್ ಕೋಣೆಗಳಲ್ಲಿ, ಗ್ರಂಥಾಲಯಗಳಲ್ಲಿ. ಅದನ್ನು ಜಾರಿ ಮಾಡುವವನು ಪೊಲೀಸನಲ್ಲ, ಮತಾಂಧನೂ ಅಲ್ಲ. ಕಂಪನಿಯೊಂದರಿಂದ ಬಾಡಿಗೆಗೆ ತಂದ ಒಂದು ಯಂತ್ರಾಂಶ. ಇಂಗ್ಲಿಷಿನಲ್ಲಿ ಅದರ ಹೆಸರು ಫಿಲ್ಟರ್. ಕನ್ನಡದಲ್ಲಿ ಜರಡಿ ಅನ್ನಬಹುದು. ಆದರೆ ಜರಡಿ ಎಂಬ ಮಾತಿಗೆ ಅವಮಾನ. ನಮ್ಮ ಮನೆಯ ಹೆಂಗಸರು ಹಿಡಿಯುವ ಜರಡಿ ಹಿಟ್ಟನ್ನು ಬಿಟ್ಟು ಕಸವನ್ನು ತಡೆಯುತ್ತದೆ. ಈ ಜರಡಿಯಾದರೋ ಮೂಟೆಯಲ್ಲಿ ಒಂದು ಕಲ್ಲು ಸಿಕ್ಕಿತೆಂದು ಮೂಟೆಯನ್ನೇ ಬೀದಿಗೆ ಎಸೆಯುತ್ತದೆ.

ಯಾವ ಮೂಟೆ? ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್‌ನಂತಹ ವೇದಿಕೆಗಳ ಮೇಲೆ ಕಟ್ಟಿದ ಲಕ್ಷಾಂತರ ತಾಣಗಳ ಮೂಟೆ. ಕಾಸು ಕೊಡದೆ, ಯಾರ ಅಪ್ಪಣೆಯನ್ನೂ ಕೇಳದೆ ಬರೆದು ಪ್ರಕಟಿಸಬಹುದಾದ ಜಾಗ ಅದು. ಬ್ಲಾಗರ್ ಶುರುವಾದದ್ದು 1999ರಲ್ಲಿ. 2003ರಲ್ಲಿ ಅದನ್ನು ಗೂಗಲ್ ಕೊಂಡುಕೊಂಡಿತು. ವರ್ಡ್‌ಪ್ರೆಸ್ ಉಚಿತವಾಗಿ ತಾಣ ಕೊಡಲು ಆರಂಭಿಸಿದ್ದು 2005ರಲ್ಲಿ. ಅದೇ ಹೊತ್ತಿಗೆ ಯೂನಿಕೋಡ್ ಕನ್ನಡ ಸಾಮಾನ್ಯ ಕಂಪ್ಯೂಟರುಗಳಲ್ಲಿ ನೆಟ್ಟಗೆ ಕಾಣಿಸತೊಡಗಿತು. ಈ ಎರಡು ಸೇರಿ ಕನ್ನಡದಲ್ಲಿ ಒಂದು ಸಣ್ಣ ಕ್ರಾಂತಿಯನ್ನೇ ಮಾಡಿದವು. ಜಿ.ಎನ್. ಮೋಹನ್ ಅವರ 'ಅವಧಿ' ಮೊದಲು ಕಣ್ಣು ಬಿಟ್ಟದ್ದು ವರ್ಡ್‌ಪ್ರೆಸ್‌ನ ಉಚಿತ ಅಂಗಳದಲ್ಲಿ. ಮೈಸೂರಿನ ನೆನಪು ಹೊತ್ತು ಇಂಗ್ಲಿಷಿನಲ್ಲಿ ಬರುತ್ತಿದ್ದ 'ಚುರುಮುರಿ' ಇದ್ದದ್ದೂ ಅಲ್ಲಿಯೇ. ಬಿ.ಎಂ. ಬಶೀರ್ ತಮ್ಮ 'ಗುಜರಿ ಅಂಗಡಿ'ಯನ್ನು ತೆರೆದದ್ದು ಬ್ಲಾಗ್‌ಸ್ಪಾಟ್‌ನಲ್ಲಿ. ಇವು ಹೆಸರಾದವು. ಹೆಸರಾಗದೆ ಉಳಿದ ಶಾಲಾ ಮೇಷ್ಟ್ರು, ಅಂಗನವಾಡಿ ಕಾರ್ಯಕರ್ತೆ, ನಿವೃತ್ತ ಪೋಸ್ಟ್‌ಮಾಸ್ಟರ್, ಬುರ್ಖಾದೊಳಗೆ ಕೂತು ಕವಿತೆ ಬರೆಯುವ ಪದವಿ ಕಾಲೇಜಿನ ಹುಡುಗಿ ಇವರೆಲ್ಲರ ಅಚ್ಚುಕೂಟವೂ ಅದೇ ಆಗಿತ್ತು. ಸಂಪಾದಕರ ಮೇಜಿನಿಂದ ವಾಪಸು ಬಂದ ಬರಹಕ್ಕೆ, ಸಂಪಾದಕರಿಗೆ ಕಳಿಸುವ ಧೈರ್ಯವೇ ಇಲ್ಲದ ಬರಹಕ್ಕೆ ಅಲ್ಲಿ ಜಾಗವಿತ್ತು.

ಇಂದು ಬ್ಲಾಗಿನ ಹುಮ್ಮಸ್ಸು ಇಳಿದಿದೆ, ನಿಜ. ಬರೆಯುವವರು ಫೇಸ್‌ಬುಕ್ಕಿಗೆ, ವಾಟ್ಸಾಪಿಗೆ ಹೋದರು. ಆದರೆ ಅಲ್ಲಿ ಬರೆದದ್ದು ಮೂರು ದಿನಕ್ಕೆ ಮಣ್ಣಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹತ್ತು ಹದಿನೈದು ವರ್ಷಗಳ ಹಿಂದೆ ಬ್ಲಾಗುಗಳಲ್ಲಿ ದಾಖಲಾದ ಊರ ಚರಿತ್ರೆ, ಸಂದರ್ಶನ, ಅನುವಾದ, ಜಾನಪದ ಸಂಗ್ರಹಗಳು ಇಂದಿಗೂ ಅಲ್ಲಿಯೇ ಇವೆ. ಬರೆದವರಲ್ಲಿ ಕೆಲವರು ತೀರಿಹೋಗಿದ್ದಾರೆ, ಅವರ ಪುಟಗಳು ಉಳಿದಿವೆ. ಈ ಪುಟಗಳನ್ನು 'ವೈಯಕ್ತಿಕ', 'ಅನುಪಯುಕ್ತ', 'ಅಪಾಯಕಾರಿ' ಎಂದು ಹಣೆಪಟ್ಟಿ ಹಚ್ಚಿ ಕೆಲಸದ ಜಾಗದ, ಓದಿನ ಜಾಗದ ಕಂಪ್ಯೂಟರುಗಳಿಂದ ಹೊರಗಿಡುವುದರ ಬಗ್ಗೆ ಯಾರೂ ಸಿಟ್ಟಾಗುವುದಿಲ್ಲ. ಆ ಸಿಟ್ಟು ಬರಲಿ ಎಂಬುದಕ್ಕೇ ಈ ಬರಹ.

ಈ ರೋಗದ ಲಕ್ಷಣ ನಮ್ಮ ದೇಶಕ್ಕೆ ಸ್ಪಷ್ಟವಾಗಿ ಕಂಡದ್ದು 2006ರ ಜುಲೈ ತಿಂಗಳಲ್ಲಿ. ಜುಲೈ 11ರಂದು ಮುಂಬಯಿಯ ಲೋಕಲ್ ರೈಲುಗಳಲ್ಲಿ ಬಾಂಬುಗಳು ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಎರಡು ದಿನಕ್ಕೆ ಕೇಂದ್ರದ ದೂರಸಂಪರ್ಕ ಇಲಾಖೆಯಿಂದ ಅಂತರ್ಜಾಲ ಸೇವೆ ಕೊಡುವ ಕಂಪನಿಗಳಿಗೆ ಒಂದು ಪಟ್ಟಿ ಹೋಯಿತು. ಅದರಲ್ಲಿ ಇದ್ದದ್ದು ಇಪ್ಪತ್ತಕ್ಕೂ ಕಡಿಮೆ ತಾಣಗಳು, ಪುಟಗಳು. ಅವುಗಳಲ್ಲಿ ಕೆಲವು ಬ್ಲಾಗ್‌ಸ್ಪಾಟ್‌ನಲ್ಲಿದ್ದವು. ಕಂಪನಿಗಳು ಏನು ಮಾಡಿದವು? ಹೆಸರಿಸಿದ ಆ ಕೆಲವು ಮನೆಗಳನ್ನು ಹುಡುಕುವ ಗೋಜಿಗೇ ಹೋಗದೆ ಇಡೀ ಬ್ಲಾಗ್‌ಸ್ಪಾಟ್‌ಗೆ ಬೀಗ ಜಡಿದವು. ಆಗ ಚಾಲ್ತಿಯಲ್ಲಿದ್ದ ಟೈಪ್‌ಪ್ಯಾಡ್, ಜಿಯೋಸಿಟೀಸ್‌ಗಳಿಗೂ ಅದೇ ಗತಿಯಾಯಿತು. ರಾತ್ರಿ ಬೆಳಗಾಗುವುದರೊಳಗೆ ಭಾರತದ ಸಾವಿರಾರು ಬರಹಗಾರರು ಸ್ವಂತ ಪುಟವನ್ನೇ ನೋಡಲಾರದ ಸ್ಥಿತಿಗೆ ಬಂದರು. ಹಾಗೆ ಮುಚ್ಚಿಹೋದವುಗಳಲ್ಲಿ 'ಮುಂಬಯಿ ಹೆಲ್ಪ್' ಎಂಬ ಬ್ಲಾಗೂ ಒಂದು. ಬಾಂಬ್ ಸ್ಫೋಟದ ನಂತರ ಕಾಣೆಯಾದವರನ್ನು ಹುಡುಕಲು, ಆಸ್ಪತ್ರೆಗಳ ಮಾಹಿತಿ ಹಂಚಲು ಜನ ಬಳಸುತ್ತಿದ್ದ ಪುಟ ಅದು. ಭಯೋತ್ಪಾದನೆಯನ್ನು ತಡೆಯುವ ಹೆಸರಿನಲ್ಲಿ ಭಯೋತ್ಪಾದನೆಗೆ ಬಲಿಯಾದವರ ನೆರವಿನ ಬಾಗಿಲನ್ನೇ ಮುಚ್ಚಿದ್ದರು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಈ ಪ್ರಸಂಗದಲ್ಲಿ ನಮ್ಮ ಸಮುದಾಯದವರು ಗಮನಿಸಬೇಕಾದ ಒಂದು ಅಂಶವಿದೆ. ಆ ಪಟ್ಟಿಯಲ್ಲಿ ಇದ್ದ ಕೆಲವು ಪುಟಗಳು ಇಸ್ಲಾಮಿನ ವಿರುದ್ಧ, ಮುಸ್ಲಿಮರ ವಿರುದ್ಧ ವಿಷ ಕಾರುವವರವು. ಅಮೆರಿಕದ ಬಲಪಂಥೀಯ ಬ್ಲಾಗುಗಳಿದ್ದವು, ಹಿಂದುತ್ವದ ಹೆಸರಿನಲ್ಲಿ ದ್ವೇಷ ಹಂಚುವ ತಾಣವಿತ್ತು. ಅಂದರೆ ಮೇಲ್ನೋಟಕ್ಕೆ ಅದು ನಮ್ಮ ಪರವಾದ ನಿಷೇಧ. ಆದರೆ ಫಲ ಏನಾಯಿತು? ನಮ್ಮನ್ನು ಬೈಯುವವರ ಜೊತೆಗೆ ಅವರಿಗೆ ಉತ್ತರ ಕೊಡುತ್ತಿದ್ದ ನಮ್ಮ ಹುಡುಗರ ಬಾಯಿಯೂ ಮುಚ್ಚಿತು. ಬೈಯುವವರು ಸ್ವಂತ ದುಡ್ಡಿನಲ್ಲಿ ಬೇರೆ ವಿಳಾಸ ಕೊಂಡುಕೊಂಡು ಮರುದಿನವೇ ಬೈಯಲು ಶುರು ಮಾಡಬಲ್ಲರು. ದುಡ್ಡಿಲ್ಲದವನ ಉತ್ತರ ಮಾತ್ರ ಬೀಗದೊಳಗೆ ಉಳಿಯುತ್ತದೆ. ಸುಮಾರು ಒಂದು ವಾರದ ಗಲಾಟೆಯ ನಂತರ ಸರಕಾರವೇ ಎಚ್ಚೆತ್ತು, ನಾವು ಹೇಳಿದ್ದು ನಿರ್ದಿಷ್ಟ ಪುಟಗಳನ್ನು ಮಾತ್ರ, ಇಡೀ ವೇದಿಕೆಯನ್ನಲ್ಲ ಎಂದು ಕಂಪನಿಗಳಿಗೆ ತಿಳಿಹೇಳಬೇಕಾಯಿತು. ಪ್ರಭುತ್ವ ಬೆರಳು ತೋರಿಸಿದರೆ ಕಂಪನಿ ಕೈಯನ್ನೇ ಕಡಿದಿತ್ತು.

ಅದು ಮೊದಲ ಸಲವೂ ಆಗಿರಲಿಲ್ಲ, ಕೊನೆಯದೂ ಆಗಲಿಲ್ಲ. 2003ರ ಸೆಪ್ಟೆಂಬರಿನಲ್ಲಿ ಮೇಘಾಲಯದ ನಿಷೇಧಿತ ಸಂಘಟನೆಯೊಂದಕ್ಕೆ ಸಂಬಂಧಿಸಿದ, ಬೆರಳೆಣಿಕೆಯ ಸದಸ್ಯರಿದ್ದ ಒಂದು ಯಾಹೂ ಗುಂಪನ್ನು ತಡೆಯಲು ಹೇಳಿದಾಗ ಕಂಪನಿಗಳು ಯಾಹೂವಿನ ಎಲ್ಲಾ ಗುಂಪುಗಳನ್ನೂ ತಡೆದಿದ್ದವು. 2014ರ ಡಿಸೆಂಬರ್ ಕೊನೆಯಲ್ಲಿ ಬಯಲಾದ 32 ತಾಣಗಳ ಪಟ್ಟಿಯಲ್ಲಿ, ಉಚಿತವಾಗಿ ತಾಣ ಕಟ್ಟಿಕೊಳ್ಳಲು ಅವಕಾಶ ಕೊಡುವ ವೀಬ್ಲಿ ಇತ್ತು. ಹಳೆಯ ಪುಸ್ತಕಗಳನ್ನು, ಪುಟಗಳನ್ನು ಜೋಪಾನ ಮಾಡುವ ಇಂಟರ್ನೆಟ್ ಆರ್ಕೈವ್ ಕೂಡ ಇತ್ತು. ಐಸಿಸ್ ಪ್ರಚಾರವನ್ನು ತಡೆಯುವುದಕ್ಕಾಗಿ ಎಂಬ ಸಮಜಾಯಿಷಿ ಬಂತು. ಯಾರೋ ನಾಲ್ಕು ದುಷ್ಟರು ಗ್ರಂಥಾಲಯದೊಳಗೆ ಕರಪತ್ರ ಬಿಟ್ಟು ಹೋದರೆಂದು ಗ್ರಂಥಾಲಯವನ್ನೇ ಮುಚ್ಚುವ ಬುದ್ಧಿವಂತಿಕೆ ಇದು.

ನಮ್ಮ ದೇಶದವರ ಕೈಲಾಗದತನವಷ್ಟೇ ಎಂದು ತಿಳಿಯಬೇಡಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2002ರಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳನ್ನು ತಡೆಯಲು ಕಾನೂನು ಮಾಡಿತು. ಉದ್ದೇಶವನ್ನು ಯಾರೂ ಪ್ರಶ್ನಿಸಲಾರರು. ಆ ಕಾನೂನಿನ ಅಡಿಯಲ್ಲಿ ತಡೆಯಲು ಹೊರಟದ್ದು 400ಕ್ಕೂ ಕಡಿಮೆ ತಾಣಗಳನ್ನು. ಅವುಗಳ ಜೊತೆ ಒಂದೇ ಸರ್ವರಿನಲ್ಲಿ, ಒಂದೇ ವಿಳಾಸದಲ್ಲಿ ವಾಸವಿದ್ದ ಕಾರಣಕ್ಕೆ ಮುಚ್ಚಿಹೋದ ನಿರಪರಾಧಿ ತಾಣಗಳ ಸಂಖ್ಯೆ 11 ಲಕ್ಷಕ್ಕೂ ಹೆಚ್ಚು. 2004ರಲ್ಲಿ ಅಲ್ಲಿನ ನ್ಯಾಯಾಲಯ ಆ ಕಾನೂನನ್ನೇ ರದ್ದು ಮಾಡಿತು. ಒಬ್ಬ ಅಪರಾಧಿಯ ಜೊತೆಗೆ ಸುಮಾರು ಮೂರು ಸಾವಿರ ನಿರಪರಾಧಿಗಳು ಜೈಲಿಗೆ ಹೋದ ಲೆಕ್ಕ ಇದು.

ಇವೆಲ್ಲ ಸರಕಾರಗಳ ಆದೇಶದಿಂದ ಶುರುವಾದ ಕತೆಗಳು. ಆದ್ದರಿಂದಲೇ ಸುದ್ದಿಯಾದವು, ಕೋರ್ಟಿಗೆ ಹೋದವು. ಸುದ್ದಿಯಾಗದ ಕತೆ ಖಾಸಗಿ ಫಿಲ್ಟರುಗಳದು. ಅವುಗಳ ಕೆಲಸದ ರೀತಿ ಹೀಗಿದೆ: ಫಿಲ್ಟರ್ ತಯಾರಿಸುವ ಕಂಪನಿ ಜಗತ್ತಿನ ತಾಣಗಳನ್ನೆಲ್ಲ ಕೆಲವು ಹತ್ತು ಪೆಟ್ಟಿಗೆಗಳಲ್ಲಿ ವಿಂಗಡಿಸಿಟ್ಟಿರುತ್ತದೆ. ಜೂಜು, ಅಶ್ಲೀಲ, ಶಸ್ತ್ರಾಸ್ತ್ರ, ಕ್ರೀಡೆ, ಸುದ್ದಿ, ಧರ್ಮ ಹೀಗೆ. ಅವುಗಳ ನಡುವೆ 'ವೈಯಕ್ತಿಕ ತಾಣಗಳು ಮತ್ತು ಬ್ಲಾಗುಗಳು' ಎಂಬುದೊಂದು ಪೆಟ್ಟಿಗೆ. ಯಾವ ಪೆಟ್ಟಿಗೆಗೂ ಸೇರದವಕ್ಕೆ 'ವರ್ಗೀಕರಿಸದ' ಎಂಬ ಇನ್ನೊಂದು. ಫಿಲ್ಟರನ್ನು ಕೊಂಡ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗದ ಯಾರೋ ಒಬ್ಬ ನೌಕರ ಒಂದು ಬೆಳಗ್ಗೆ ಕೂತು ಯಾವ ಪೆಟ್ಟಿಗೆ ಬೇಕು, ಯಾವುದು ಬೇಡ ಎಂದು ಗುರುತು ಹಾಕುತ್ತಾನೆ. ಜೂಜು ಬೇಡ, ಅಶ್ಲೀಲ ಬೇಡ, ಬ್ಲಾಗು ಕೆಲಸಕ್ಕೆ ಬಾರದ್ದು ಬೇಡ, ವರ್ಗೀಕರಿಸದ್ದು ಏನಿದೆಯೋ ಬೇಡ. ಅಲ್ಲಿಗೆ ಮುಗಿಯಿತು. ಆ ಒಂದು ಗುರುತಿಗೆ ಲಕ್ಷಾಂತರ ಬರಹಗಾರರು ಜೂಜುಕೋರರ ಪಕ್ಕದಲ್ಲಿ ನಿಂತರು. ಅವರು ಬರೆದದ್ದು ಏನು ಎಂದು ಆ ನೌಕರನೂ ಓದಿಲ್ಲ, ಯಂತ್ರವೂ ಓದಿಲ್ಲ. ಇಂಗ್ಲಿಷಿನಲ್ಲಿ ಚುರುಕಾದ ಈ ಯಂತ್ರಕ್ಕೆ ಕನ್ನಡದ ಒಂದು ಕತೆಗೂ ಒಂದು ಬೈಗುಳಕ್ಕೂ ವ್ಯತ್ಯಾಸ ತಿಳಿಯುವುದು ದುಸ್ತರ. ಭಾಷೆ ತಿಳಿಯದ ನ್ಯಾಯಾಧೀಶ ವಿಳಾಸ ನೋಡಿ ತೀರ್ಪು ಕೊಡುತ್ತಾನೆ.

ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಒಮ್ಮೆ ಫೋನು ಮಾಡಿದ್ದ. "ಮಾಮೂ, ನಿಮ್ಮ ಕತೆ ಓದೋಣ ಅಂತ ಊಟದ ಹೊತ್ತಿನಲ್ಲಿ ತೆಗೆದೆ, ಕಂಪನಿ ನೀತಿಗೆ ವಿರುದ್ಧ ಅಂತ ಬಂತು" ಎಂದ. ಗೆಳೆಯರೊಬ್ಬರು ತಮ್ಮ ಬ್ಲಾಗಿನಲ್ಲಿ ಹಾಕಿದ್ದ ಕತೆ ಅದು. ತಂದೂರಿ ಒಲೆಯ ಮುಂದೆ ಬದುಕು ಸವೆಸುವ ಒಬ್ಬ ಮುದುಕನ ಕತೆ. ಅದರಲ್ಲಿ ಯಾವ ಕಂಪನಿಯ ಯಾವ ನೀತಿಯನ್ನು ಆ ಮುದುಕ ಮುರಿದನೋ ನನಗೆ ತಿಳಿಯದು. ಅದೇ ಕಂಪ್ಯೂಟರಿನಲ್ಲಿ ಶೇರು ಪೇಟೆಯ ತಾಣಗಳು, ಕ್ರಿಕೆಟ್ ಸ್ಕೋರು, ದಿನವಿಡೀ ಕೋಮುದ್ವೇಷವನ್ನು ಬಡಬಡಿಸುವ ದೊಡ್ಡ ಸುದ್ದಿವಾಹಿನಿಗಳ ತಾಣಗಳು ಸರಾಗವಾಗಿ ತೆರೆದುಕೊಳ್ಳುತ್ತಿದ್ದವು. ಏಕೆಂದರೆ ಅವು 'ಸುದ್ದಿ' ಎಂಬ ಮರ್ಯಾದಸ್ಥ ಪೆಟ್ಟಿಗೆಯಲ್ಲಿವೆ. ದುಡ್ಡಿದ್ದವರ ವಿಷಕ್ಕೆ ಸುದ್ದಿ ಎಂಬ ಹೆಸರು, ದುಡ್ಡಿಲ್ಲದವರ ಅನ್ನಕ್ಕೆ ವೈಯಕ್ತಿಕ ಎಂಬ ಹೆಸರು.

ವಿಳಾಸ ನೋಡಿ ಮನುಷ್ಯನನ್ನು ಅಳೆಯುವ ಈ ಪದ್ಧತಿ ನಮ್ಮ ಓದುಗರಿಗೆ ಹೊಸದೇನಲ್ಲ. 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ನ್ಯಾಯಮೂರ್ತಿ ರಾಜೇಂದ್ರ ಸಾಚಾರ್ ಸಮಿತಿಯ ವರದಿ ಒಂದು ಸಂಗತಿಯನ್ನು ದಾಖಲಿಸಿದೆ. ಮುಸ್ಲಿಮರು ಹೆಚ್ಚಾಗಿ ವಾಸಿಸುವ ಕೆಲವು ಪ್ರದೇಶಗಳನ್ನು ಬ್ಯಾಂಕುಗಳು 'ನಕಾರಾತ್ಮಕ ವಲಯ' ಎಂದು ಗುರುತಿಸಿಟ್ಟು ಅಲ್ಲಿಯವರಿಗೆ ಸಾಲ ಸುಲಭವಾಗಿ ಸಿಗದಂತೆ ಮಾಡಿದ್ದವು. ಸಾಲ ಕೇಳಲು ಬಂದವನು ಪ್ರಾಮಾಣಿಕನೇ, ಅವನ ಅಂಗಡಿ ನಡೆಯುತ್ತಿದೆಯೇ, ಹಿಂದಿನ ಸಾಲ ತೀರಿಸಿದ್ದಾನೆಯೇ ಎಂಬ ವಿಚಾರಣೆ ನಂತರದ್ದು. ಮೊದಲು ನೋಡುವುದು ಮೊಹಲ್ಲಾದ ಹೆಸರು. ಬಾಡಿಗೆ ಮನೆ ಕೇಳಲು ಹೋದವನ ಹೆಸರು ಕೇಳಿದ ಕೂಡಲೇ 'ಮನೆ ಈಗಾಗಲೇ ಹೋಯಿತು' ಎನ್ನುವ ಮಾಲೀಕನ ನ್ಯಾಯವೂ ಇದೇ. ಫಿಲ್ಟರ್ ಮಾಡುವವನು ಬ್ಲಾಗ್‌ಸ್ಪಾಟನ್ನು ನಕಾರಾತ್ಮಕ ವಲಯ ಎಂದು ಬರೆದಿಟ್ಟುಕೊಂಡಿದ್ದಾನೆ, ಅಷ್ಟೇ. ಎರಡರ ನೋವು ಒಂದೇ ತೂಕದ್ದು ಎಂದು ನಾನು ಹೇಳುತ್ತಿಲ್ಲ. ಮನೆ ಸಿಗದವನ ಸಂಕಟದ ಮುಂದೆ ಓದುಗ ಸಿಗದವನ ಸಂಕಟ ಸಣ್ಣದು. ಆದರೆ ಎರಡರ ತರ್ಕ ಒಂದೇ: ಕೃತ್ಯವನ್ನು ನೋಡದೆ ಕೇರಿಯನ್ನು ನೋಡಿ ಶಿಕ್ಷಿಸುವುದು. ಈ ತರ್ಕ ಯಾವ ವೇಷದಲ್ಲಿ ಬಂದರೂ ಅದನ್ನು ಗುರುತಿಸುವ ಹೊಣೆ ಅದರಿಂದ ಪೆಟ್ಟು ತಿಂದವರ ಮೇಲೆ ಹೆಚ್ಚು.

ಪೆಟ್ಟಿಗೆಗಳ ಹೆಸರುಗಳನ್ನೇ ಸ್ವಲ್ಪ ನೋಡಿ. ವೆಬ್‌ಸೆನ್ಸ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದ್ದ ಫಿಲ್ಟರ್ ಕಂಪನಿ ಧರ್ಮವನ್ನು ಎರಡು ಪೆಟ್ಟಿಗೆ ಮಾಡಿತ್ತು. ಒಂದು 'ಸಾಂಪ್ರದಾಯಿಕ ಧರ್ಮಗಳು', ಇನ್ನೊಂದು 'ಅಸಾಂಪ್ರದಾಯಿಕ ಧರ್ಮಗಳು, ಮಾಟಮಂತ್ರ ಮತ್ತು ಜಾನಪದ'. ಈ ವಿಂಗಡಣೆಯ ಹಿಂದಿನ ತಿಳಿಗೇಡಿತನವನ್ನು ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಬಾಬುಡನ್‌ಗಿರಿಯನ್ನು ಇವರು ಯಾವ ಪೆಟ್ಟಿಗೆಗೆ ಹಾಕುತ್ತಾರೆ? ಶಿಶುನಾಳ ಶರೀಫರನ್ನು? ಹಿಂದೂಗಳೇ ಮುಂದೆ ನಿಂತು ಪಂಜಾ ಹೊರುವ ಉತ್ತರ ಕರ್ನಾಟಕದ ಮೊಹರಮ್ಮನ್ನು? ರಹಮತ್ ತರೀಕೆರೆಯವರು 'ಕರ್ನಾಟಕದ ಸೂಫಿಗಳು' ಬರೆಯಲು ಊರೂರು ಸುತ್ತಿ ಕಂಡದ್ದು ಯಾವ ಪೆಟ್ಟಿಗೆಗೂ ಹೊಂದದ ಬದುಕನ್ನು. ಆ ಬದುಕಿನ ಬಗ್ಗೆ ಯಾರಾದರೂ ಬರೆದರೆ ಅದು 'ಮಾಟಮಂತ್ರ' ಎಂಬ ಚೀಟಿ ಹೊತ್ತು ಕಚೇರಿಯ ಹೊರಗೆ ನಿಲ್ಲಬೇಕು.

ಇದು ಬರೀ ಊಹೆಯ ಭಯವಲ್ಲ. ಅಮೆರಿಕದ ಮಿಸ್ಸೋರಿ ರಾಜ್ಯದ ಸೇಲಂ ಎಂಬ ಸಣ್ಣ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಅಲ್ಲಿನ ಮೂಲನಿವಾಸಿಗಳ ಧರ್ಮದ ಬಗ್ಗೆ, ವಿಕ್ಕಾ ಎಂಬ ಪಂಥದ ಬಗ್ಗೆ ಓದಲು ಹೋದ ಹೆಣ್ಣುಮಗಳೊಬ್ಬಳಿಗೆ ಆ ಪುಟಗಳು ತೆರೆಯಲಿಲ್ಲ. ಫಿಲ್ಟರ್ ಅವನ್ನು 'ಮಾಟಮಂತ್ರ', 'ಅಪರಾಧ ಕೌಶಲ' ಎಂಬ ಪೆಟ್ಟಿಗೆಗಳಲ್ಲಿ ಇಟ್ಟಿತ್ತು. 2012ರಲ್ಲಿ ಆಕೆ ನ್ಯಾಯಾಲಯಕ್ಕೆ ಹೋದಳು. 2013ರಲ್ಲಿ ಗ್ರಂಥಾಲಯ ಆ ತಡೆಗಳನ್ನು ತೆಗೆಯಲು ಒಪ್ಪಿತು. ಬಹುಸಂಖ್ಯಾತರ ಧರ್ಮಕ್ಕೆ ಧರ್ಮ ಎಂಬ ಹೆಸರು, ಸಣ್ಣ ಸಮುದಾಯದ ನಂಬಿಕೆಗೆ ಅಪರಾಧ ಎಂಬ ಹೆಸರು. ನಾಮಕರಣದ ಅಧಿಕಾರ ಕಂಪನಿಯ ಕೈಗೆ ಕೊಟ್ಟರೆ ಆಗುವುದು ಇದೇ.

ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರು ಈ ಜರಡಿಯ ಪರಿಚಯ ಬಹಳ ಹಿಂದೆಯೇ ಮಾಡಿಕೊಂಡಿದ್ದಾರೆ. 2006ರಲ್ಲಿ ಬೋಯಿಂಗ್ ಬೋಯಿಂಗ್ ಎಂಬ ಪ್ರಸಿದ್ಧ ಇಂಗ್ಲಿಷ್ ಬ್ಲಾಗು ಯುಎಇ, ಕತಾರ್‌ಗಳಲ್ಲಿ ಮುಚ್ಚಿಹೋಯಿತು. ಸಾವಿರಾರು ಬರಹಗಳ ನಡುವೆ ಎಲ್ಲೋ ಇದ್ದ ಬೆರಳೆಣಿಕೆಯ ಚಿತ್ರಗಳ ಕಾರಣಕ್ಕೆ ಅಮೆರಿಕದ ಸ್ಮಾರ್ಟ್‌ಫಿಲ್ಟರ್ ಆ ಇಡೀ ಬ್ಲಾಗನ್ನು 'ನಗ್ನತೆ'ಯ ಪೆಟ್ಟಿಗೆಗೆ ಹಾಕಿತ್ತು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದ ಕನಿಷ್ಠ ಒಂಬತ್ತು ದೇಶಗಳು ತಮ್ಮ ಜನರ ಕಣ್ಣು ಕಟ್ಟಲು ಪಶ್ಚಿಮದ ಕಂಪನಿಗಳು ತಯಾರಿಸಿದ ಉಪಕರಣಗಳನ್ನೇ ಬಳಸುತ್ತಿವೆ ಎಂದು ಓಪನ್‌ನೆಟ್ ಇನಿಶಿಯೇಟಿವ್‌ನ ಸಂಶೋಧಕರು 2011ರಲ್ಲಿ ವರದಿ ಮಾಡಿದರು. ಒಂದು ಕಡೆ ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠ, ಇನ್ನೊಂದು ಕಡೆ ಅರಸರಿಗೆ, ಸರ್ವಾಧಿಕಾರಿಗಳಿಗೆ ಬೀಗ ಮಾರುವ ವ್ಯಾಪಾರ. ಬೆಂಗಳೂರಿನ ಕಚೇರಿಯಲ್ಲಿ ಜೂಜು ತಡೆಯುವ ತಂತ್ರವೇ ಅಲ್ಲಿ ಭಿನ್ನಮತ ತಡೆಯುತ್ತದೆ. ಬದಲಾಗುವುದು ಗುರುತು ಹಾಕುವ ಕೈ ಮಾತ್ರ.

ಇಲ್ಲಿ ಒಂದು ಹೋಲಿಕೆ ಮಾಡಲೇಬೇಕು. ನಮ್ಮ ಸರಕಾರ ಒಂದು ಪುಟವನ್ನು ತಡೆಯಬೇಕಾದರೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು ಇದೆ, ಅದಕ್ಕೆ 2009ರ ನಿಯಮಗಳಿವೆ. ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು, ಸಮಿತಿ ಇರಬೇಕು, ಸಂಬಂಧಪಟ್ಟವರ ಮಾತು ಕೇಳಬೇಕು. 2015ರ ಮಾರ್ಚ್ 24ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿದದ್ದೇ ಇಂಥ ರಕ್ಷಣೆಗಳಿವೆ ಎಂಬ ಕಾರಣಕ್ಕೆ. ಆಚರಣೆಯಲ್ಲಿ ಅವು ಎಷ್ಟು ಟೊಳ್ಳು, ಗೌಪ್ಯತೆಯ ನಿಯಮದ ಹಿಂದೆ ಎಷ್ಟೆಲ್ಲ ಅಡಗುತ್ತದೆ ಎಂಬುದು ಬೇರೆ ಮಾತು. ಕನಿಷ್ಠ ಕೇಳಲು ಒಂದು ಬಾಗಿಲಾದರೂ ಇದೆ. ಕಂಪನಿಯ ಫಿಲ್ಟರಿಗೆ ಆ ಬಾಗಿಲೂ ಇಲ್ಲ. ತನ್ನ ತಾಣ ಎಲ್ಲೆಲ್ಲಿ ಮುಚ್ಚಿದೆ ಎಂಬುದೇ ಬರಹಗಾರನಿಗೆ ತಿಳಿಯುವುದಿಲ್ಲ. ಯಾವ ಕಂಪನಿಯ ಯಾವ ಪಟ್ಟಿಯಲ್ಲಿ ತನ್ನ ಹೆಸರಿದೆ ಎಂದು ಸುಲಭವಾಗಿ ಗೊತ್ತಾಗುವುದಿಲ್ಲ. ಪಟ್ಟಿ ವ್ಯಾಪಾರದ ಗುಟ್ಟು. ಅಮೆರಿಕದಲ್ಲಿ ಈ ಗುಪ್ತ ಪಟ್ಟಿಗಳನ್ನು ಬಿಚ್ಚಿ ಪರೀಕ್ಷಿಸುವುದಕ್ಕೆ 2000ದಲ್ಲಿ, ಮತ್ತೆ 2003ರಲ್ಲಿ ಕೃತಿಸ್ವಾಮ್ಯದ ಕಾನೂನಿನಿಂದ ವಿನಾಯಿತಿ ಕೊಟ್ಟಿದ್ದರು. 2006ರಲ್ಲಿ ಅದನ್ನು ಮುಂದುವರಿಸಲಿಲ್ಲ. ಆರೋಪಪಟ್ಟಿ ಓದುವುದೇ ಅಪರಾಧವಾದರೆ ಆರೋಪಿ ಎಲ್ಲಿಗೆ ಹೋಗಬೇಕು?

ಇಷ್ಟಕ್ಕೂ ಈ ಯಂತ್ರಗಳು ಅಷ್ಟು ಬುದ್ಧಿವಂತವೇ? 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಎಂಬ ಊರಿನವರು ಎಒಎಲ್ ಕಂಪನಿಯಲ್ಲಿ ಖಾತೆ ತೆರೆಯಲಾಗಲಿಲ್ಲ. ಊರಿನ ಹೆಸರಿನ ಅಕ್ಷರಗಳ ನಡುವೆ ಒಂದು ಹೊಲಸು ಪದ ಅಡಗಿದೆ ಎಂದು ಯಂತ್ರಕ್ಕೆ ಕಂಡಿತ್ತು. ಹದಿನೆಂಟು ವರ್ಷಗಳ ಬಳಿಕ, 2014ರಲ್ಲಿ, ಬ್ರಿಟನ್ನಿನ ಓಪನ್ ರೈಟ್ಸ್ ಗ್ರೂಪ್ ಜನಪ್ರಿಯವಾದ ಒಂದು ಲಕ್ಷ ತಾಣಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಸುಮಾರು ಐದರಲ್ಲಿ ಒಂದು ತಾಣ ಯಾವುದಾದರೂ ಒಂದು ಕಂಪನಿಯ ಫಿಲ್ಟರಿಗೆ ಸಿಕ್ಕಿಬಿದ್ದಿತ್ತು. ತಂತ್ರಜ್ಞಾನ ಬೆಳೆದಿದೆ ಎನ್ನುತ್ತಾರೆ. ಬೆಳೆದದ್ದು ಬಲೆ, ಅದರ ಕಣ್ಣುಗಳ ಗಾತ್ರ ಸರಿಯಾಗಲಿಲ್ಲ.

ಕಂಪನಿಗಳ ಪರವಾಗಿ ಎರಡು ಮಾತುಗಳಿವೆ, ಅವನ್ನು ಕೇಳೋಣ. ಮೊದಲನೆಯದು: ಸಂಬಳ ಕೊಡುವವನು ಕೆಲಸದ ಹೊತ್ತಿನಲ್ಲಿ ಏನು ನೋಡಬೇಕು, ಏನು ನೋಡಬಾರದು ಎಂದು ಹೇಳಬಾರದೇ? ಹೇಳಲಿ. ಕೆಲಸ ಬಿಟ್ಟು ಕಾಲಹರಣ ಮಾಡುವವನನ್ನು ಕೆಲಸದ ಲೆಕ್ಕ ಕೇಳಲಿ. ಆದರೆ 2020ರ ಕೊರೋನಾ ಕಾಲದ ನಂತರ ಕಚೇರಿಯ ಲ್ಯಾಪ್‌ಟಾಪ್ ಮನೆಗೆ ಬಂದಿದೆ, ಅದರೊಳಗೆ ಕೂತು ಫಿಲ್ಟರೂ ಮನೆಗೆ ಬಂದಿದೆ. ರಾತ್ರಿ ಹತ್ತು ಗಂಟೆಗೆ ಊಟ ಮುಗಿಸಿ ಕತೆ ಓದುವವನ ಮೇಲೂ ಹಗಲಿನ ಮೇಸ್ತ್ರಿಯ ಕಣ್ಣು. ಇನ್ನು ವಿಶ್ವವಿದ್ಯಾನಿಲಯ, ಕಾಲೇಜು, ಗ್ರಂಥಾಲಯಗಳಿಗೆ ಈ ವಾದ ಅನ್ವಯವೇ ಆಗುವುದಿಲ್ಲ. ಅಲ್ಲಿ ಓದುವುದೇ ಕೆಲಸ. ಕನ್ನಡ ಎಂ.ಎ. ವಿದ್ಯಾರ್ಥಿಗೆ ಕನ್ನಡ ಬ್ಲಾಗು ಕಾಲಹರಣವೆಂದು ಹೇಳುವ ಯಂತ್ರವನ್ನು ಸಾರ್ವಜನಿಕರ ತೆರಿಗೆಯಲ್ಲಿ ಕೊಂಡುತರುವುದಕ್ಕೆ ಯಾವ ಸಮರ್ಥನೆಯಿದೆ?

ಎರಡನೆಯ ಮಾತು ಸುರಕ್ಷತೆಯದು, ಅದರಲ್ಲಿ ಹುರುಳಿದೆ. ಉಚಿತ ವೇದಿಕೆಗಳಲ್ಲಿ ಮೋಸಗಾರರೂ ಅಂಗಡಿ ತೆರೆಯುತ್ತಾರೆ. ಬ್ಯಾಂಕಿನ ವೇಷದ ಪುಟ ಕಟ್ಟಿ ಪಾಸ್‌ವರ್ಡ್ ಕದಿಯುತ್ತಾರೆ. ಅಂಥ ಪುಟವನ್ನು ತಡೆಯಬೇಕು, ಕೂಡಲೇ ತಡೆಯಬೇಕು. ಆದರೆ ಆ ಪುಟವನ್ನು ಮಾತ್ರ. ಅದು ಆಗದ ಕೆಲಸವೇನೂ ಅಲ್ಲ. ಬ್ಲಾಗ್‌ಸ್ಪಾಟ್‌ನಲ್ಲಿ, ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಬರಹಗಾರನ ತಾಣಕ್ಕೂ ಬೇರೆ ಹೆಸರಿದೆ, ಅದು ವಿಳಾಸದ ಮೊದಲಿಗೇ ಇರುತ್ತದೆ. ಸಂಪರ್ಕ ಗೂಢಲಿಪಿಯಲ್ಲಿದ್ದರೂ ಆ ಹೆಸರು ಸಾಮಾನ್ಯವಾಗಿ ಫಿಲ್ಟರಿನ ಕಣ್ಣಿಗೆ ಕಾಣುತ್ತದೆ. ನಮ್ಮ ಬ್ರೌಸರುಗಳು ಎಷ್ಟೋ ವರ್ಷಗಳಿಂದ ಬ್ಲಾಗ್‌ಸ್ಪಾಟ್‌ನಂತಹ ವೇದಿಕೆಗಳ ಒಂದು ಪಟ್ಟಿಯನ್ನು ಇಟ್ಟುಕೊಂಡು, ಅಲ್ಲಿನ ಪ್ರತಿ ತಾಣವನ್ನೂ ಬೇರೆ ಬೇರೆ ಮನೆಯೆಂದೇ ನಡೆಸಿಕೊಂಡು ಬಂದಿವೆ. ಬ್ರೌಸರಿಗೆ ತಿಳಿದದ್ದು ಲಕ್ಷಗಟ್ಟಲೆ ಬೆಲೆಯ ಫಿಲ್ಟರಿಗೆ ತಿಳಿಯದೇ? ತಿಳಿಯುತ್ತದೆ. ಮನೆ ಮನೆ ಪರೀಕ್ಷಿಸಲು ಖರ್ಚಾಗುತ್ತದೆ, ಓಣಿಗೆ ಬೀಗ ಹಾಕುವುದು ಅಗ್ಗ. ಸುರಕ್ಷತೆಯ ಹೆಸರಿನಲ್ಲಿ ನಡೆಯುತ್ತಿರುವುದು ಬಹುಪಾಲು ಸೋಮಾರಿತನದ ಉಳಿತಾಯ. ಈ ಯಂತ್ರಗಳೇ ಎಷ್ಟು ಸುರಕ್ಷಿತ ಎಂಬುದಕ್ಕೂ ಸಾಕ್ಷಿಯಿದೆ. ಅಹಮದಾಬಾದಿನಲ್ಲಿ ಹುಟ್ಟಿದ ಸೈಬರೋಮ್ ಉಪಕರಣಗಳು ಗೂಢಲಿಪಿಯ ಸಂಪರ್ಕವನ್ನು ಬಿಚ್ಚಿ ನೋಡಲು ಒಂದೇ ಕೀಲಿಯನ್ನು ಎಲ್ಲ ಪೆಟ್ಟಿಗೆಗಳಲ್ಲೂ ಇಟ್ಟುಕೊಂಡಿದ್ದವು ಎಂಬುದು 2012ರಲ್ಲಿ ಬಯಲಾಯಿತು. ಊರಿನ ಮನೆಗಳಿಗೆಲ್ಲ ಒಂದೇ ಕೀಲಿ ಮಾಡಿದವನು ಕಳ್ಳರ ಬಗ್ಗೆ ಉಪದೇಶ ಮಾಡಿದಂತೆ.

'ಅಷ್ಟೊಂದು ತೊಂದರೆಯಿದ್ದರೆ ಸ್ವಂತ ಹೆಸರಿನ ತಾಣ ಕೊಂಡುಕೊಳ್ಳಿ' ಎಂದು ಬುದ್ಧಿ ಹೇಳುವವರಿದ್ದಾರೆ. ಹೆಸರಿಗೆ ವರ್ಷ ವರ್ಷ ದುಡ್ಡು, ಜಾಗಕ್ಕೆ ಬೇರೆ ದುಡ್ಡು, ಕಟ್ಟಲು ಕಾರ್ಡು, ನೋಡಿಕೊಳ್ಳಲು ತಿಳಿದವರು. ಬೀಡಿ ಕಟ್ಟುವ ಮನೆಯ ಹುಡುಗಿಗೆ ಇದನ್ನು ಹೇಳಿ ನೋಡಿ. ಒಂದು ವರ್ಷ ದುಡ್ಡು ಕಟ್ಟುವುದು ತಪ್ಪಿದರೆ ಅಥವಾ ಬರಹಗಾರ ಕಣ್ಣು ಮುಚ್ಚಿದರೆ ತಾಣವೂ ಕಣ್ಣು ಮುಚ್ಚುತ್ತದೆ. ಉಚಿತ ಅಂಗಳದ ಪುಟ ಹಾಗೆ ಸುಲಭಕ್ಕೆ ಸಾಯುವುದಿಲ್ಲ. ಇನ್ನೊಂದು ತಮಾಷೆ ಕೇಳಿ: ಸ್ವಂತ ಹೆಸರು ಕೊಂಡವನನ್ನೂ ಈ ಫಿಲ್ಟರುಗಳು ನಂಬುವುದಿಲ್ಲ. 'ಹೊಸದಾಗಿ ಕಂಡ ವಿಳಾಸ' ಎಂಬ ಪೆಟ್ಟಿಗೆಯೂ ಅವುಗಳಲ್ಲಿದೆ, ಅದನ್ನು ತಡೆಯುವುದು ಜಾಣತನ ಎಂದು ಸಲಹೆ ಬೇರೆ. ಹಳೆ ಕೇರಿಯಲ್ಲಿದ್ದರೆ ಕೇರಿಯವನು, ಹೊಸ ಬಡಾವಣೆಗೆ ಹೋದರೆ ಅಪರಿಚಿತ!

ನಮ್ಮವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಇನ್ಸಾಫ್ ಆಗುವುದಿಲ್ಲ. ನಮ್ಮ ಸಮುದಾಯದ ಆಡಳಿತದಲ್ಲಿರುವ ಕಾಲೇಜುಗಳಲ್ಲಿ, ಹಾಸ್ಟೆಲುಗಳಲ್ಲಿ 'ಹುಡುಗರು ಕೆಡುತ್ತಾರೆ' ಎಂಬ ಒಂದೇ ಮಾತಿಗೆ ಸಿಕ್ಕಿದ್ದನ್ನೆಲ್ಲ ತಡೆಯುವ ಉತ್ಸಾಹ ಬೇರೆಯವರಿಗಿಂತ ಕಡಿಮೆಯೇನಿಲ್ಲ. ಅಶ್ಲೀಲವನ್ನು ತಡೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಅದರ ಜೊತೆಗೆ ಬ್ಲಾಗೆಂಬ ಪೆಟ್ಟಿಗೆಗೂ ಗುರುತು ಹಾಕಿದಾಗ ಸಾರಾ ಅಬೂಬಕ್ಕರ್ ಬಗ್ಗೆ ಯಾರೋ ಬರೆದ ಲೇಖನ, ಫಕೀರ್ ಮುಹಮ್ಮದ್ ಕಟ್ಪಾಡಿಯವರ ಕತೆಯೊಂದರ ವಿಮರ್ಶೆ, ಉರ್ದುವಿನಿಂದ ಕನ್ನಡಕ್ಕೆ ಬಂದ ಒಂದು ಗಝಲ್ ಕೂಡ ಆ ಹುಡುಗರಿಂದ ದೂರವಾಗುತ್ತದೆ ಎಂಬ ಖಬರು ಆಡಳಿತ ಮಂಡಳಿಗಳಿಗೆ ಇರಬೇಕು. ಹಾಗೆಯೇ, ನಮಗೆ ಆಗದವರ ತಾಣ ಮುಚ್ಚಿದಾಗ ಚಪ್ಪಾಳೆ ತಟ್ಟುವ ಅಭ್ಯಾಸವನ್ನೂ ಬಿಡಬೇಕು. 2006ರಲ್ಲಿ ಅಂಥ ಬೀಗ ಯಾರ ಬಾಗಿಲಿಗೆ ಬಿತ್ತೆಂದು ಮೇಲೆ ಹೇಳಿದ್ದೇನೆ. ಕನ್ನಡದ ಫಲಕ ಇಲ್ಲದ ಅಂಗಡಿಯ ಮುಂದೆ ಕೂಗಾಡುವ ಕನ್ನಡಪರರೂ ಕನ್ನಡದ ಸಾವಿರಾರು ಪುಟಗಳನ್ನು ಕಾಣದಂತೆ ಮಾಡುವ ಯಂತ್ರದ ಮುಂದೆ ಒಮ್ಮೆ ನಿಲ್ಲಲಿ.

ಕೇಳಬೇಕಾದದ್ದು ಆಕಾಶದ ಚಂದ್ರನನ್ನಲ್ಲ. ವೇದಿಕೆಯನ್ನು ತಡೆಯಬೇಡಿ, ತಪ್ಪು ಮಾಡಿದ ತಾಣವನ್ನು ತಡೆಯಿರಿ. ತಡೆದಾಗ ಏಕೆ ತಡೆದಿರಿ, ಯಾರನ್ನು ಕೇಳಬೇಕು ಎಂದು ಆ ಪುಟದಲ್ಲೇ, ಓದುವವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ. 'ವರ್ಗೀಕರಿಸದ' ಎಂದರೆ 'ನಾವು ಓದಿಲ್ಲ' ಎಂದರ್ಥ. ಓದದೆ ಇರುವುದನ್ನು ಅಪರಾಧ ಮಾಡಬೇಡಿ. ವಿಶ್ವವಿದ್ಯಾನಿಲಯಗಳು, ಸರಕಾರಿ ಕಾಲೇಜುಗಳು, ಸಾರ್ವಜನಿಕ ಗ್ರಂಥಾಲಯಗಳು ಯಾವ ಫಿಲ್ಟರ್ ಬಳಸುತ್ತಿವೆ, ಯಾವ ಪೆಟ್ಟಿಗೆಗಳನ್ನು ಮುಚ್ಚಿವೆ ಎಂಬುದನ್ನು ಸೂಚನಾ ಫಲಕದಲ್ಲಿ ಹಾಕಲಿ; ಹಾಕದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳೋಣ. ಹತ್ತು ರೂಪಾಯಿಯ ಕೆಲಸ ಅದು. ಖಾಸಗಿ ಕಂಪನಿಯಲ್ಲಿ ದುಡಿಯುವವರು ತಮ್ಮ ಕಂಪ್ಯೂಟರ್ ವಿಭಾಗಕ್ಕೆ ಒಂದು ಪತ್ರ ಬರೆಯಲಿ. ಬಹುಪಾಲು ಫಿಲ್ಟರ್ ಕಂಪನಿಗಳು ತಪ್ಪು ವರ್ಗೀಕರಣವನ್ನು ತಿದ್ದಲು ಅರ್ಜಿ ತೆಗೆದುಕೊಳ್ಳುತ್ತವೆ. ಅರ್ಜಿ ಹೋಗದ ಕಾರಣಕ್ಕೇ ತಪ್ಪು ಹಾಗೇ ಉಳಿಯುತ್ತದೆ.

ಬರೆಯುವವನಿಗೆ ಬೇಕಾದದ್ದು ಬಹಳ ಕಡಿಮೆ. ತಾನು ಬರೆದದ್ದನ್ನು ಓದಿ, ಆಮೇಲೆ ಬೇಡವೆನ್ನಲಿ ಎಂಬುದಷ್ಟೇ. ಓದಿ ತಿರಸ್ಕರಿಸುವವನಲ್ಲಿ ಜಗಳವಾಡಬಹುದು, ಸೋಲಬಹುದು, ಕಲಿಯಲೂಬಹುದು. ಓಣಿಯ ಹೆಸರು ಕೇಳಿಯೇ ಬಾಗಿಲು ಹಾಕಿಕೊಳ್ಳುವವನಲ್ಲಿ ಏನನ್ನು ಮಾತಾಡಲು ಸಾಧ್ಯ? ಆ ಬಾಗಿಲನ್ನು ಬಡಿಯುತ್ತಲೇ ಇರಬೇಕು, ತೆರೆಯುವತನಕ.